ದಂಬೆಗೆಂದೇ ಬರುತ್ತಿದ್ದ ರಜೆ

ಎರಡು ಸಲ ಸಾಬೂನು ಹಾಕಿ ತೊಳೆದೆ, ಹುಣಸೆಹುಳಿ ತಿಕ್ಕಿ ನೋಡಿದೆ, ಕೈಯ ವಾಸನೆ ಮಾತ್ರ ಹೋಗಲಿಲ್ಲ. ಕೊಳೆತ ಮಾವಿನೆಲೆ, ಕಾಗೆಯ ಹಿಕ್ಕೆ, ಹೋದ ಮಳೆಗಾಲದ ಕೆಸರು ಎಲ್ಲ ಸೇರಿದರೆ ಬರುವ ವಾಸನೆ. ನಿಮ್ಮ ಮನೆಯ ಹಂಚಿನ ಮಾಡಿಗೂ ದಂಬೆ ಇದ್ದರೆ ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಇಷ್ಟು ತಿಳಿದರೆ ಸಾಕು: ಹಂಚಿನ ಮೇಲಿಂದ ಇಳಿದ ಮಳೆನೀರನ್ನು ಅಂಚಿನಲ್ಲೇ ಹಿಡಿದು ಮೂಲೆಯ ಪೈಪಿಗೆ ಸಾಗಿಸುವ ಉದ್ದನೆಯ ತೆರೆದ ಕೊಳವೆಯೇ ದಂಬೆ. ಮೊದಲು ಅಡಿಕೆ ಮರ ಸೀಳಿ ಕಟ್ಟುತ್ತಿದ್ದರು, ಆಮೇಲೆ ತಗಡಿನದು ಬಂತು, ಈಗ ಪಿವಿಸಿ. ಯಾವುದನ್ನು ಕಟ್ಟಿದರೂ ಮಾವಿನೆಲೆ ಬಂದು ಬೀಳುವುದು ಅದರೊಳಗೇ.

ಇವತ್ತು ದಂಬೆ ಕೆರೆದದ್ದು ಬೆಳಿಗ್ಗೆ, ಮಧ್ಯಾಹ್ನ ಅನ್ನಕ್ಕೆ ಸಾರು ಕಲಸುವಾಗಲೂ ಆ ವಾಸನೆ ಮೂಗಿಗೆ ಬಂತು. ನನಗೇನೂ ಅಸಹ್ಯವಾಗಲಿಲ್ಲ. ಬಹಳ ವರ್ಷ ಅದು ನನ್ನ ಪಾಲಿಗೆ ಗಂಡ ಮನೆಗೆ ಬಂದ ವಾಸನೆಯಾಗಿತ್ತು.

ಇವರು ಸೌದಿಯ ದಮ್ಮಾಮಿನಲ್ಲಿ ಒಂದು ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ಉಳಿದವರೆಲ್ಲ ಮದುವೆ, ಹಬ್ಬ ನೋಡಿ ರಜೆ ಹಾಕಿದರೆ ಇವರು ದಂಬೆ ನೋಡಿ ಹಾಕುತ್ತಿದ್ದರು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಕಾಪುವಿನ ನಮ್ಮ ಮನೆಗೆ ಬಂದ ಮರುದಿನವೇ ತಲೆಗೆ ಬೈರಾಸು ಸುತ್ತಿ ಏಣಿ ಹತ್ತುವುದು. ತಂದ ಪೆಟ್ಟಿಗೆ ಇನ್ನೂ ಬಿಚ್ಚಿರುತ್ತಿರಲಿಲ್ಲ. ನೋಡಲು ಬಂದ ನೆಂಟರ ಜೊತೆ ಮೇಲಿಂದಲೇ ಮಾತು. ದಂಬೆ ಮುಗಿದರೆ ಒಡೆದ ಹಂಚು, ಹಂಚು ಮುಗಿದರೆ ಬಾವಿಯ ರಾಟೆ, ರಾಟೆ ಮುಗಿಯುವಾಗ ರಜೆಯೂ ಮುಗಿಯುತ್ತಿತ್ತು. ಒಂದು ವರ್ಷ ಏರ್‌ಪೋರ್ಟಿಗೆ ಹೋಗುವ ಕಾರು ಬಂದು ನಿಂತಿದೆ, ಇವರು ಗೇಟಿನ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದಾರೆ.

ನನಗೂ ಹೇಳಲಿಕ್ಕೆ ತುಂಬ ಇರುತ್ತಿತ್ತು. ಶಾಲೆಯಲ್ಲಿ ದಿನವಿಡೀ ಮಕ್ಕಳೆದುರು ಮಾತಾಡುವ ನಾನು ಏಣಿಯ ಮೇಲಿರುವ ಗಂಡನೆದುರು ಮಾತಿಲ್ಲದೆ, ಚಹಾ ಲೋಟ ಎತ್ತಿ ಹಿಡಿದು ನಿಂತಿರುತ್ತಿದ್ದೆ.

ಒಂದು ವರ್ಷ ರಜೆ ಸಿಗಲಿಲ್ಲ. ಕಂಪನಿಯಲ್ಲಿ ಕೆಲಸ ಜಾಸ್ತಿ, ಯಾರನ್ನೂ ಬಿಡುವುದಿಲ್ಲವಂತೆ. ಫೋನಿನಲ್ಲಿ ನನ್ನ ಆರೋಗ್ಯ ಕೇಳುವ ಮೊದಲು ದಂಬೆಗೆ ಜನ ಸಿಕ್ಕಿತಾ ಎಂದು ಕೇಳಿದರು. ಜನ ಸಿಕ್ಕಿದ್ದರು, ನಾಳೆ ಬರುತ್ತೇವೆ ಎಂದೂ ಹೇಳಿದ್ದರು. ಅವರ ನಾಳೆ ಬರುವ ಮೊದಲು ಮಳೆ ಬಂತು. ಪೈಪಿನ ಬಾಯಿ ಕಟ್ಟಿಕೊಂಡು ದಂಬೆ ತುಂಬಿ, ನೀರು ಹಿಂದಕ್ಕೆ ಉಕ್ಕಿ, ಗೋಡೆಗುಂಟ ಮೀಟರ್ ಬೋರ್ಡಿನ ಕಡೆಗೆ ಇಳಿಯತೊಡಗಿತು. ನಾನು ಮೈನ್ ಸ್ವಿಚ್ ಆಫ್ ಮಾಡಿ, ಪಕ್ಕದ ಮನೆಯ ಲಿಲ್ಲಿ ಬಾಯಿಯನ್ನು ಕರೆದೆ. ನಮ್ಮ ದಂಬೆಯಲ್ಲಿ ತುಂಬುವ ಎಲೆಯೆಲ್ಲ ಅವರ ಮಾವಿನ ಮರದ್ದೇ. ಅದಕ್ಕೋ ಏನೋ, ಕರೆದ ಕೂಡಲೇ ಬಂದರು.

ಮಳೆ ಸ್ವಲ್ಪ ಬಿಟ್ಟಿತ್ತು. ಸ್ಟೂಲಿನ ಮೇಲೆ ನಿಂತರೂ ತಲೆ ತಿರುಗುವವಳು ನಾನು. ನೈಟಿಯ ಮೇಲೆ ಇವರ ಹಳೆಯ ಅಂಗಿ ಹಾಕಿಕೊಂಡು ಏಣಿ ಹತ್ತಿದೆ. ಕೆಳಗೆ ಲಿಲ್ಲಿ ಬಾಯಿ ಏಣಿಯನ್ನು ಅಪ್ಪಿ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥನೆ ಶುರು ಮಾಡಿದರು. ನಡುವೆ ನಿಲ್ಲಿಸಿ ಹೇಳಿದರು: “ಟೀಚರೇ, ಜಾಗ್ರತೆ ಆಯ್ತಾ. ನೀವು ಬಿದ್ದರೆ ನನ್ನ ಮೇಲೆಯೇ ಬೀಳುವುದು.”

ದಂಬೆಯೊಳಗೆ ಕೈ ಹಾಕಿದರೆ ಕಪ್ಪು ಹಲ್ವದಂಥ ಕೆಸರು. ಅದರಲ್ಲಿ ಒಂದು ಶಟಲ್ ಕಾಕ್, ಎರಡೆಲೆ ಬಿಟ್ಟ ಮಾವಿನ ಸಸಿ, ಮತ್ತೆ ಲಿಲ್ಲಿ ಬಾಯಿಯ ಸ್ಟೀಲ್ ಚಮಚ. ತೊಳೆಯುವ ಕಲ್ಲಿನಿಂದ ಕಾಗೆ ಕಚ್ಚಿಕೊಂಡು ಬಂದದ್ದು. ಕೆಲಸದ ಹುಡುಗಿಯ ಮೇಲೆ ಅನುಮಾನಪಟ್ಟಿದ್ದ ಲಿಲ್ಲಿ ಬಾಯಿ ಅದನ್ನು ನೋಡಿ, ಅವಳಿಗೆ ಇವತ್ತೇ ಏನಾದರೂ ತಿಂಡಿ ಮಾಡಿ ಕೊಡಬೇಕು ಎಂದರು. ಪೈಪಿನ ಬಾಯಿಯಲ್ಲಿದ್ದ ಮುದ್ದೆಯನ್ನು ಕಿತ್ತಾಗ ಅಷ್ಟೂ ನೀರು ಗಟಗಟನೆ ಕೆಳಗಿಳಿಯಿತು. ಆ ಶಬ್ದ ಕೇಳಿ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಭಯ ಮರೆತು ತಲೆ ಎತ್ತಿದೆ. ತೆಂಗಿನ ಮರಗಳಾಚೆ ಲೈಟ್‌ಹೌಸಿನ ತುದಿ ಕಂಡಿತು. ನಮ್ಮ ಮನೆಯಿಂದ ಅದು ಕಾಣುತ್ತದೆಂದು ಇವರು ಒಮ್ಮೆಯೂ ಹೇಳಿರಲಿಲ್ಲ.

ಆಮೇಲೆ ನನಗೆ ಅದೇ ಒಂದು ಹುಚ್ಚಾಯಿತು. ಪೈಪಿನ ಬಾಯಿಗೆ ಬಲೆ ಕಟ್ಟಿದೆ. ಮುಂದಿನ ಬೇಸಿಗೆಯಲ್ಲಿ ಭಾನುವಾರಕ್ಕೊಮ್ಮೆ ಹತ್ತಿ ಎಲೆ ತೆಗೆದೆ. ಇವರು ಬರುವಾಗ ದಂಬೆ ಊಟದ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಮೆಚ್ಚುತ್ತಾರೆ ಎಂದು ಕಾದೆ. ಬೆಳಿಗ್ಗೆ ಎದ್ದು ಬೈರಾಸು ಸುತ್ತಿ ಮೇಲೆ ಹತ್ತಿದವರು ಅಲ್ಲೇ ನಿಂತುಬಿಟ್ಟರು. ಕೈಯಲ್ಲಿದ್ದ ಕತ್ತಿಯ ತುದಿಯಿಂದ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಕೆರೆದರು. ಕೆರೆಯಲು ಏನೂ ಇರಲಿಲ್ಲ. ಇಳಿದು ಬಂದು ಜಗಲಿಯಲ್ಲಿ ಕೂತರು. ದೋಸೆ ತಣ್ಣಗಾಯಿತು.

“ಹಾಗಾದರೆ ಇಲ್ಲಿ ನನಗೆ ಎಂತ ಕೆಲಸ ಉಂಟು ಮಾರಾಯ್ತಿ?” ಎಂದರು.

ತಮಾಷೆಯ ಮಾತಲ್ಲ ಎಂದು ಮುಖ ನೋಡಿ ಗೊತ್ತಾಯಿತು. ಏನಾದರೂ ಮುರಿದು ಕೊಡಲೇ ಎಂದು ಒಂದು ಗಳಿಗೆ ಯೋಚಿಸಿದೆ. ಆದರೆ ಅಷ್ಟು ವರ್ಷದಿಂದ ಒಳಗೇ ಇದ್ದ ಮಾತು ಬಾಯಿಗೆ ಬಂತು. “ಕೆಲಸ ಇಲ್ಲ. ನನ್ನ ಜೊತೆ ಬಸ್ಸಿಗೆ ಬನ್ನಿ” ಎಂದೆ.

ಎಲ್ಲಿಗೆ ಎಂದು ಅವರು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಉಡುಪಿಯಲ್ಲಿ ಇಳಿದು ತಿಂಡಿ ತಿಂದೆವು, ಮಣಿಪಾಲದ ಬಸ್ಸು ಎದುರು ನಿಂತಿತ್ತು, ಹತ್ತಿದೆವು. ಗುಡ್ಡದ ತುದಿಯ ಪಾರ್ಕಿನಲ್ಲಿ, ಕೆಳಗೆ ಸ್ವರ್ಣಾ ನದಿ ಕಾಣುವ ಕಡೆ ಕಾಲೇಜು ಹುಡುಗ ಹುಡುಗಿಯರ ನಡುವೆ ನಾವೂ ಒಂದು ಬೆಂಚು ಹಿಡಿದೆವು. ನಾನು ಚೂಡಿದಾರ್ ಹಾಕಬಹುದಿತ್ತು ಎಂದು ಅನಿಸಿದ್ದು ಸುಳ್ಳಲ್ಲ.

ಅಲ್ಲಿ ಕೂತು ಇವರು ದಮ್ಮಾಮಿನ ರೂಮಿನ ಕಥೆ ತೆಗೆದರು. ಮಂಚಗಳು ಎಷ್ಟು ಹತ್ತಿರ, ಯಾರು ಗೊರಕೆ ಹೊಡೆಯುತ್ತಾರೆ, ಯಾರು ಮಗುವಿನ ಫೋಟೋ ನೋಡುತ್ತಾ ಮಲಗುತ್ತಾರೆ ಎಂದೆಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ನಾನು ಕೇಳಿರದ ಕಥೆ.

“ಎಸಿಯ ನೀರು ಹೊರಗೆ ಬಕೆಟಿಗೆ ಬೀಳುತ್ತದೆ. ನಿದ್ದೆಯಲ್ಲಿ ನಮ್ಮ ಮನೆ ಸೋರುತ್ತಾ ಉಂಟು ಅಂತ ಎಣಿಸಿ ಎದ್ದು ಕೂರುವುದು. ಇಲ್ಲಿ ನೀನು ಒಬ್ಬಳೇ ಅಲ್ವಾ” ಎಂದರು.

ನಾನು ಅವರ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. ಆಚೆ ಬೆಂಚಿನ ಹುಡುಗಿ ನಮ್ಮನ್ನು ನೋಡಿ ನಕ್ಕಳು. ನೋಡಲಿ ಎಂದುಕೊಂಡೆ.

ಆ ರಜೆಯಲ್ಲಿ ನಾವು ಕಾರ್ಕಳಕ್ಕೂ ಹೋದೆವು, ಬೆಳ್ಮಣ್ಣಿನ ನನ್ನ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದೆವು. ಅಲ್ಲಿ ಇವರು ಬೆಳಿಗ್ಗೆ ಎದ್ದು ಭಾವನ ಮನೆಯ ದಂಬೆ ನೋಡುತ್ತಾ ನಿಂತಿದ್ದರು ಎಂಬುದನ್ನು ಮುಚ್ಚಿಡುವುದಿಲ್ಲ.

ಈಗ ಇವರು ಪೂರ್ತಿ ಊರಿಗೆ ಬಂದು ಕೆಲವು ವರ್ಷಗಳಾದವು. ಮೊಣಕಾಲು ನೋವು ಇರುವುದರಿಂದ ಏಣಿ ಹತ್ತುವುದು ನಾನು, ಹಿಡಿಯುವುದು ಅವರು. ಕೆಳಗಿಂದ ಸಲಹೆ ನಿಲ್ಲುವುದಿಲ್ಲ, ಬಲೆ ಸರಿಯಾಗಿ ಕಟ್ಟಿಲ್ಲ ಎಂಬ ದೂರೂ ತಪ್ಪಿದ್ದಲ್ಲ. ನಾನು ಅರ್ಧ ಕೇಳುತ್ತೇನೆ, ಅರ್ಧ ಬಿಡುತ್ತೇನೆ.

ಇವತ್ತು ಸಂಜೆ ಲಿಲ್ಲಿ ಬಾಯಿ ಗೋಡೆಯಾಚೆಯಿಂದ ಕರೆದು, ತಮ್ಮ ದಂಬೆಗೂ ಜನ ಸಿಕ್ಕಿಲ್ಲ ಎಂದರು. ಗೋಡೆ ದಾಟಿಸಲು ಏಣಿ ಉದ್ದ ಹೆಚ್ಚು, ಗೇಟಿನಿಂದ ಹೊರಟು ರಸ್ತೆಯಲ್ಲಿ ಸುತ್ತಿಕೊಂಡೇ ಹೋಗಬೇಕು. ಮುಂದಿನ ತುದಿ ಇವರ ಹೆಗಲಿಗೆ, ಹಿಂದಿನದು ನನ್ನದಕ್ಕೆ. ಇವರು ಕುಂಟುತ್ತಾ ನಿಧಾನ ನಡೆದರೆ ನಾನೂ ನಿಧಾನ, ಸ್ಕೂಟರಿಗೆ ದಾರಿ ಬಿಡಲು ಇವರು ನಿಂತರೆ ನಾನೂ ನಿಲ್ಲಬೇಕು. ಪಡುವಣದಲ್ಲಿ ಮೋಡ ಕಟ್ಟಿತ್ತು. ಬೇಗ ನಡೆಯಿರಿ ಎಂಬ ಮಾತು ಬಾಯಿಯವರೆಗೆ ಬಂತು. ಮಳೆ ಬಂದರೆ ಬರಲಿ ಎಂದುಕೊಂಡು ಅವರ ಹೆಜ್ಜೆಗೆ ಹೆಜ್ಜೆ ಹಾಕಿದೆ.