ಅಕ್ಷರವಿಲ್ಲದ ಲಗ್ನಪತ್ರಿಕೆ

ನಾನು ಓದಿದ್ದು ಮೂರನೆಯ ಇಯತ್ತೆ. ಕಂಪ್ಯೂಟರಿನ ಬಗ್ಗೆ ಮಾತಾಡಲು ಅಷ್ಟು ಧಾರಾಳ ಸಾಕೆಂದು ನಮ್ಮ ದೊಡ್ಡ ಅಳಿಯನನ್ನು ನೋಡಿದ ಮೇಲೆ ತಿಳಿಯಿತು.

ಕಮರಿಪೇಟೆಯ ನಮ್ಮ ಪಡಸಾಲೆಯಲ್ಲಿ ಸಣ್ಣ ಮಗಳು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ಗಂಡ ತೀರಿದ ಮೇಲೆ ಅವಳ ಹೊಟ್ಟೆಗೆ ಆಧಾರ ಅದೊಂದೇ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಳಿಯ ಮಾಳಮಡ್ಡಿಯಲ್ಲಿ ಮೂರು ತಿಂಗಳ ಕಂಪ್ಯೂಟರ್ ಕ್ಲಾಸು ಮುಗಿಸಿ, ಜಗತ್ತನ್ನೇ ಕಲಿತವನಂತೆ ಬಂದು ಕೂತ.

“ಈ ಹಳೇ ಡಬ್ಬಿ ಮಾರಿಬಿಡೂಣ್ರಿ ಅತ್ತಿ. ಆಪರೇಟಿಂಗ್ ಸಿಸ್ಟಮ್ ಕಾಲ ಮುಗೀತು. ಇನ್ನ ಬ್ರೌಸರ್ ಒಂದಿದ್ರ ಸಾಕು. ಜಾವಾದಾಗ ಒಮ್ಮೆ ಪ್ರೋಗ್ರಾಮ್ ಬರದ್ರ ಎಲ್ಲಿ ಬೇಕಾದಲ್ಲಿ ಓಡತೈತಿ.”

“ಓಡಾಕ ಅದೇನ ಫಟಫಟಿ ಏನ್ರಿ?” ಎಂದೆ. ನನಗೆ ಗೊತ್ತಿದ್ದ ಜಾವಾ ಆ ಹೆಸರಿನ ಮೋಟಾರ್ ಸೈಕಲ್ ಒಂದೇ.

ಅಳಿಯ ಆಗಲೇ ಕೊಳ್ಳುವವನನ್ನೂ ಹುಡುಕಿದ್ದ, ಬದಲಿಗೆ ಯಾವುದೋ ಅಗ್ಗದ ಯಂತ್ರ ತಂದಿಟ್ಟಿದ್ದ. ಅಕ್ಕನ ಗಂಡನಿಗೆ ಎದುರಾಡಲಾರದೆ ಮಗಳು ಸೆರಗು ತಿರುವುತ್ತ ನಿಂತಳು. ನಾನೇ ಬಾಯಿ ಬಿಟ್ಟೆ. “ನಿನ್ನೆ ಗಬ್ಬೂರಿನವರ ಪತ್ರಿಕಿ ಮಾಡ್ಯಾಳ. ಅದನ್ನ ನಿಮ್ಮ ಯಂತ್ರದಾಗ ತಗದ ತೋರಸ್ರಿ. ಆಮ್ಯಾಲ ಮಾರೂಣಂತ.”

ಫ್ಲಾಪಿ ಹಾಕಿ ಬ್ರೌಸರಿನಲ್ಲಿ ತೆರೆದ. ‘ಶ್ರೀ ಗುರುಬಸವಲಿಂಗಾಯ ನಮಃ’ ಇರಬೇಕಾದಲ್ಲಿ ಡಾಲರ್ ಗುರುತು, ಪ್ರಶ್ನೆಚಿಹ್ನೆ, ಮುರುಕು ಇಂಗ್ಲಿಷು. ಮದುಮಗಳ ಹೆಸರಿನ ಜಾಗದಲ್ಲಿ ನಾಲ್ಕು ಖಾಲಿ ಚೌಕ. ಕನ್ನಡ ಮೂಡಿಸುವ ಅಕ್ಷರಗಳನ್ನು, ಅಂದರೆ ಫಾಂಟನ್ನು, ತುಂಬಿದ್ದು ಮಗಳ ಡಬ್ಬಿಯೊಳಗೆ ಮಾತ್ರ.

“ಎಲ್ಲಾ ಬಂದೈತಲ್ರಿ ಅತ್ತಿ. ಅಕ್ಷರ ಅಷ್ಟ ಬಾಕಿ.”

“ಅಕ್ಷರ ಬಿಟ್ರ ಲಗ್ನಪತ್ರಿಕ್ಯಾಗ ಇನ್ನೇನ ಇರತೈತ್ರಿ? ನಾಕೂ ಮೂಲಿಗೆ ಹಚ್ಚಿದ ಅರಿಷಿಣ?”

ಅಳಿಯನಿಗೆ ‘ರಿ’ ಹಚ್ಚದೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ದರೆ ಆ ದಿನದ ಮಾತು ಇನ್ನೂ ಚುಟುಕಾಗಿ ಮುಗಿಯುತ್ತಿತ್ತು. ಮಗಳು ಹಳೆಯ ಯಂತ್ರದ ಮುಂದೆ ಹೋಗಿ ಕೂತಳು. ಕೊಳ್ಳಲು ಬಂದವನನ್ನು ನಾನು ಹೊಸ್ತಿಲಿನಿಂದಲೇ ತಿರುಗಿಸಿ ಕಳಿಸಿದೆ.

ಏಳೆಂಟು ವರ್ಷಕ್ಕೆ ಬ್ರೌಸರಿನಲ್ಲಿ ಕನ್ನಡ ಬಂತು, ಯಾವ ಯಂತ್ರದಲ್ಲಾದರೂ ಬಂತು. ಸುಳ್ಳೇಕೆ ಹೇಳಲಿ, ಅವನ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಅಳಿಯ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

“ನಾ ಅವತ್ತ ಹೇಳಿದ್ನಿಲ್ರಿ?”

“ಹೇಳಿದ್ರಿ. ಕೂಸು ಹುಟ್ಟೂ ಮೊದಲ ಕುಲಾಯಿ ಹೊಲಿಸಿದ್ರಿ. ನಿಮ್ಮ ಮಾತ ಕೇಳಿದ್ರ ಅದು ಹುಟ್ಟೂತನಕ ನನ್ನ ಮಗಳು ಏನ ಉಣ್ಣಬೇಕಿತ್ರಿ?”

ಅವಳು ಅಷ್ಟರೊಳಗೆ ಹಳೆಯದನ್ನೂ ಹೊಸದನ್ನೂ ಕಲಿತು ನಾಲ್ಕು ಹೆಣ್ಣುಮಕ್ಕಳನ್ನು ಕೆಲಸಕ್ಕಿಟ್ಟುಕೊಂಡಿದ್ದಳು. ಇವನು ಇನ್ನೂ ಒಂದು ಪತ್ರಿಕೆಯನ್ನೂ ಮಾಡಿರಲಿಲ್ಲ.