ಗಂಡಸಿ ಗಿರಣಿಯ ಎಂಜಿನ್

ಅಪ್ಪನ ಪರಿಚಯದ, ಅರಸೀಕೆರೆಯ ಮುದುಕ ಮೆಕ್ಯಾನಿಕ್ ಒಬ್ಬರು ಯಾವ ಎಂಜಿನ್ ಕಂಡರೂ ಮೊದಲು ಅದರ ಮೇಲೆ ಅಂಗೈಯಿಟ್ಟು, "ತಡೀರಿ, ಅದೇ ಹೇಳ್ತೈತೆ" ಅನ್ನುತ್ತಿದ್ದರು.

1980ರ ಸುಮಾರಿಗೆ ಅಪ್ಪ ಕೂಡಿಟ್ಟ ದುಡ್ಡೆಲ್ಲ ಹಾಕಿ ಹಳೇ ಲಾರಿಯೊಂದನ್ನು ಕೊಂಡರು. ಮಾರಿದವನು ಅದಕ್ಕೆ ಬೇರೆ ಎಂಜಿನ್ ಕೂರಿಸಿದ್ದ. ಎಂಜಿನ್ ನಂಬರ್ ದಾಖಲೆಗೆ ಹೊಂದದ್ದರಿಂದ ಅದು ಕದ್ದ ಮಾಲಿರಬೇಕೆಂದು ಬೇಲೂರಿನಲ್ಲಿ ಪೊಲೀಸರು ಲಾರಿ ನಿಲ್ಲಿಸಿಕೊಂಡರು. ಮಾರಿದವನು ತೀರಿಹೋಗಿದ್ದರಿಂದ ಅದು ಎಲ್ಲಿಂದ ಬಂತೆಂದು ಹೇಳುವವರಿರಲಿಲ್ಲ.

ಸುದ್ದಿ ತಿಳಿದು ಮೆಕ್ಯಾನಿಕ್ ಬಸ್ಸು ಹತ್ತಿ ಬಂದರು. ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ ಒರೆಸಿದಾಗ ಪಕ್ಕದಲ್ಲಿ ಹಳೇ ವೆಲ್ಡಿಂಗ್ ಗುರುತು ಕಂಡಿತು. ಅವರು ನಕ್ಕುಬಿಟ್ಟರು.

"ಈ ಬೆಸುಗೆ ನಂದೇ ಕಣ್ರೀ! ಗಂಡಸಿ ಊರಿನ ಹಿಟ್ಟಿನ ಗಿರಣಿ ಓಡಿಸ್ತಿದ್ದ ಲಾರಿ ಎಂಜಿನ್ನು ಇದು."

ಪೊಲೀಸರು ಗಿರಣಿಯ ಮಾಲೀಕರನ್ನು ಕರೆಸಿದರು. "ಹೌದು ಸ್ವಾಮಿ, ಗಿರಣಿಗೆ ಕರೆಂಟ್ ಬಂದ್ಮೇಲೆ ನಾನೇ ಆ ಲಾರಿಯವ್ನಿಗೆ ಮಾರ್ದೆ" ಎಂದರು ಅವರು. ಪೊಲೀಸರು ಲಾರಿ ಬಿಟ್ಟುಕೊಟ್ಟರು.

ಸೀಟಿಗೆ ಹತ್ತಿದ ಅಪ್ಪ ಗಾಡಿ ಹೊರಡಿಸದೆ ಅಳತೊಡಗಿದರು. ಮೆಕ್ಯಾನಿಕ್ ಪಕ್ಕದಲ್ಲಿ ಬಂದು ಕೂತರು. ಬೀಡಿ ಹಚ್ಚಿ, ಅಪ್ಪ ಕಣ್ಣೊರೆಸಿಕೊಳ್ಳುವವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದರು.