ಹೋಟೆಲಿನ ಅಕ್ಕನ ಕಿರುಬೆರಳು

ಗಿರಾಕಿ ಜಗಳಕ್ಕೆ ಬರಬಹುದಿತ್ತು. ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನು ಕಂಡಕಂಡವರೆಲ್ಲ ಹಂಚಿ, ಸುದ್ದಿ ದುಬೈಯಲ್ಲಿರುವ ಊರವರಿಗೂ ಮುಟ್ಟಬಹುದಿತ್ತು. ಹೋಟೆಲಿಗೆ ಬೀಗ ಬಿದ್ದು, ಪಕ್ಕದ ನನ್ನ ಚಪ್ಪಲಿ ಅಂಗಡಿಗೂ ಜನ ಬಾರದೆ ಹೋಗಬಹುದಿತ್ತು. ಇಷ್ಟನ್ನೂ ನಾನು ಒಂದು ಚಹಾ ಮುಗಿಯುವುದರೊಳಗೆ ಯೋಚಿಸಿದ್ದೆ.

ವಿಟ್ಲದ ಆ ಹೋಟೆಲ್ ನಡೆಸುವ ಅಕ್ಕ ಬೆಳಗ್ಗೆ ಬಾಳೆಹಣ್ಣಿನ ಬನ್ಸ್ ಕರಿಯಲು ಹಿಟ್ಟು ನಾದುತ್ತಲೇ, ಹಿಟ್ಟು ಮೆತ್ತದ ಕಿರುಬೆರಳಿನಿಂದ ಮೊಬೈಲ್ ಸರಿಸುತ್ತ ಊರಿನ ಫೇಸ್‌ಬುಕ್ ಗುಂಪನ್ನು ಓದುತ್ತಿದ್ದರು. "ನಮ್ಮವರು ಎದುರಲ್ಲಿ ಲಾಯ್ಕುಂಟು, ಚೆನ್ನಾಗುಂಟು ಹೇಳ್ತಾರೆ, ಮನೆಗೆ ಹೋಗಿ ಬರೀತಾರೆ ಮಾರಾಯ್ರೆ" ಎನ್ನುವುದು ಅವರ ಮಾತು.

ಅಂದು ಒಬ್ಬ ಬರೆದಿದ್ದ: ‘ಬನ್ಸಿಗೆ ಹಳೆ ಎಣ್ಣೆಯ ವಾಸನೆ. ಇನ್ನು ಅಲ್ಲಿಗೆ ಹೋಗುವುದಿಲ್ಲ.’ ಕೆಳಗೆ ಹೌದು ಹೌದು ಎಂದವರೇ ಹೆಚ್ಚು.

"ಅಳಿಸ್ಲಿಕ್ಕೆ ಹೇಳುವ ಅಕ್ಕ" ಎಂದೆ.

"ಅಳಿಸಿದ್ರೆ ವಾಸನೆ ಹೋಗ್ತದಾ?"

ಬಾಣಲೆ ಮೂಸಿದರು. ಎಣ್ಣೆ ಚೆಲ್ಲಿಸಿ ಅದೇ ಗುಂಪಿನಲ್ಲಿ ಬರೆದರು: ‘ನೀವು ಹೇಳಿದ್ದು ಸರಿ. ಎಣ್ಣೆ ಬದಲಾಯಿಸಿದ್ದೇನೆ. ಬಂದು ನೋಡಿ.’

ಮರುದಿನ ಆತ ಬಂದೇಬಿಟ್ಟ, ಜೊತೆಗೆ ಗೆಳೆಯರು. ಓಡಲು ಅನುಕೂಲವಾಗಲೆಂದು ನಾನು ಬಾಗಿಲಲ್ಲೇ ನಿಂತೆ. ಆತ ಬನ್ಸ್ ತಿಂದು, ಚಹಾ ಕುಡಿದು, ಕೈ ತೊಳೆದು, "ಲಾಯ್ಕುಂಟು" ಎಂದ.

ಅಕ್ಕ ಬಿಡಲಿಲ್ಲ. "ನಿಜ ಹೇಳಿ, ಇಲ್ಲೇ ಹೇಳಿ."

ಆತ ತಲೆ ಕೆರೆದುಕೊಂಡ. "ಬನ್ಸ್ ನಿಜವಾಗಿ ಲಾಯ್ಕುಂಟು ಅಕ್ಕ. ಚಾಕ್ಕೆ ಮಾತ್ರ ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು."